ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಚೀನೀ, ಜಪಾನೀ, ಕೊರಿಯನ್ ಟೈಪ್ ಮಾಡುವುದು ಹೇಗೆ?

ಜಪಾನೀ ಕಲಿಯಲು ಶುರು ಮಾಡಿದವರು ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ಒಂದೇ. ಸೆಟ್ಟಿಂಗ್ಸ್‌ಗೆ ಹೋಗಿ ‘ಜಪಾನೀಸ್’ ಅನ್ನುವ ಕೀಬೋರ್ಡ್ ಸೇರಿಸುತ್ತಾರೆ. ಆಮೇಲೆ ಟೈಪ್ ಮಾಡಿದರೆ ಪರದೆಯ ಮೇಲೆ ಮತ್ತೆ ಅದೇ ಇಂಗ್ಲಿಷ್ ಅಕ್ಷರಗಳು. ಏನೂ ಕೆಟ್ಟಿಲ್ಲ. ಅವರು ಸೇರಿಸಿದ್ದು ಬರೀ ಕೀಲಿಗಳ ಜೋಡಣೆ, ಅಷ್ಟೇ. ಜಪಾನೀ ಬರೆಯುವ ಸಾಫ್ಟ್‌ವೇರ್ ಇನ್ನೂ ಕಂಪ್ಯೂಟರಿಗೆ ಬಂದೇ ಇಲ್ಲ.

ಕೆಲಸ ಆಗಲು ಮೂರು ತುಂಡುಗಳು ಬೇಕು. ಒಂದು, ಅಕ್ಷರಗಳನ್ನು ತೋರಿಸುವ ಫಾಂಟ್. ಎರಡು, ನೀವು ಒತ್ತಿದ ಕೀಲಿಗಳನ್ನು ನಡುವೆಯೇ ಹಿಡಿದು, ತಯಾರಾದ ಅಕ್ಷರವನ್ನು ಆ್ಯಪ್‌ಗೆ ತಲುಪಿಸುವ ಇನ್‌ಪುಟ್ ಮೆಥಡ್ ಚೌಕಟ್ಟು. ಮೂರು, ಆ ಭಾಷೆಯ ಪದಕೋಶ ಮತ್ತು ನಿಯಮಗಳು ಗೊತ್ತಿರುವ ಎಂಜಿನ್. ತೊಂದರೆ ಬಂದಾಗ ಈ ಮೂರರಲ್ಲಿ ಯಾವುದು ಕೈಕೊಟ್ಟಿದೆ ಅಂತ ಕೇಳಿಕೊಂಡರೆ ಅರ್ಧ ದಾರಿ ಮುಗಿಯಿತು.

ಇಷ್ಟೆಲ್ಲ ಯಾಕೆ ಬೇಕು? ಯುನಿಕೋಡ್‌ನಲ್ಲಿ ಚೀನೀ ಮೂಲದ ಅಕ್ಷರಗಳೇ 90 ಸಾವಿರಕ್ಕೂ ಜಾಸ್ತಿ ಇವೆ. ಜಪಾನ್ ಸರ್ಕಾರ ದಿನಬಳಕೆಗೆ ಅಂತ ಗುರುತಿಸಿರುವ ಕಾಂಜಿಗಳೇ (ಜಪಾನೀಯಲ್ಲಿ ಬಳಸುವ ಚೀನೀ ಮೂಲದ ಅಕ್ಷರಗಳು) 2,136. ಅಷ್ಟನ್ನು ಯಾವ ಕೀಬೋರ್ಡಿನ ಮೇಲೂ ಹರಡಲು ಆಗುವುದಿಲ್ಲ. ಹಾಗಾಗಿ ನೀವು ಉಚ್ಚಾರಣೆ ಟೈಪ್ ಮಾಡುತ್ತೀರಿ, ಎಂಜಿನ್ ಆ ಉಚ್ಚಾರಣೆಗೆ ಹೊಂದುವ ಅಕ್ಷರಗಳ ಪಟ್ಟಿ ಕೊಡುತ್ತದೆ, ನೀವು ಆರಿಸುತ್ತೀರಿ. ಕೊರಿಯನ್ ಮಾತ್ರ ಬೇರೆ ದಾರಿ. ಅದನ್ನು ಮುಂದೆ ನೋಡೋಣ.

ಮೊದಲು ಫಾಂಟ್

ಇದು ಸುಲಭದ ಭಾಗ. ಚೀನೀ ವೆಬ್‌ಪುಟ ತೆರೆದಾಗ ಖಾಲಿ ಚೌಕಗಳು ಕಂಡರೆ ಫಾಂಟ್ ಇಲ್ಲ ಅಂತ ಅರ್ಥ. ನೋಟೋ ಸ್ಯಾನ್ಸ್ ಸಿಜೆಕೆ ಹಾಕಿಕೊಳ್ಳಿ. ಅಡೋಬಿ ಮತ್ತು ಗೂಗಲ್ ಸೇರಿ 2014ರಲ್ಲಿ ಹೊರತಂದ ಮುಕ್ತ ಫಾಂಟ್ ಇದು. ಅಡೋಬಿ ಇದನ್ನೇ ಸೋರ್ಸ್ ಹಾನ್ ಸ್ಯಾನ್ಸ್ ಅಂತ ಕರೆಯುತ್ತದೆ. ಒಂದು ಓಪನ್‌ಟೈಪ್ ಫಾಂಟಿನಲ್ಲಿ ಹಿಡಿಸುವುದೇ 65,535 ಚಿತ್ರಗಳು. ಇದು ಆ ಮಿತಿಯನ್ನು ಪೂರ್ತಿ ತುಂಬಿಸಿದೆ.

ಒಂದು ಸೂಕ್ಷ್ಮ ಇದೆ. ಯುನಿಕೋಡ್‌ನಲ್ಲಿ ಚೀನಾ, ಜಪಾನ್, ಕೊರಿಯಾಗಳ ಎಷ್ಟೋ ಅಕ್ಷರಗಳಿಗೆ ಒಂದೇ ಸಂಕೇತ. ಆದರೆ ಬರೆಯುವ ರೂಪದಲ್ಲಿ ಸಣ್ಣ ಸಣ್ಣ ವ್ಯತ್ಯಾಸಗಳಿವೆ: ಒಂದು ಗೆರೆ ಆಚೆ ಬಾಗುತ್ತದೆ, ಒಂದು ಚುಕ್ಕೆ ಅಡ್ಡಗೆರೆ ಆಗುತ್ತದೆ. ಚೀನೀ ಪಠ್ಯಕ್ಕೆ ಜಪಾನೀ ರೂಪ ಬಂದು ಕೂರುವುದು ಲಿನಕ್ಸ್‌ನಲ್ಲಿ ಹಳೆಯ ರಗಳೆ. ಓದಲು ತೊಂದರೆ ಇಲ್ಲ. ಆದರೆ ಕೈಬರಹ ಕಲಿಯುವವರು ತಪ್ಪು ರೂಪ ಕಲಿತುಬಿಡಬಹುದು. ಆದ್ದರಿಂದ ನಿಮ್ಮ ಪಠ್ಯ ಬರೆಯುವ ಆ್ಯಪ್‌ನಲ್ಲಿ ಫಾಂಟ್ ಆರಿಸುವಾಗ ಹೆಸರಿನ ಕೊನೆಯ ಎರಡು ಅಕ್ಷರ ನೋಡಿ. ಎಸ್‌ಸಿ ಅಂದರೆ ಸರಳೀಕೃತ ಚೀನೀ, ಟಿಸಿ ಅಂದರೆ ಸಾಂಪ್ರದಾಯಿಕ ಚೀನೀ, ಜೆಪಿ ಜಪಾನೀ, ಕೆಆರ್ ಕೊರಿಯನ್.

ಐಬಸ್ಸೋ ಫೈಟಿಕ್ಸೋ

ಚೌಕಟ್ಟಿನ ವಿಷಯಕ್ಕೆ ಬಂದರೆ ಇವತ್ತು ಎರಡೇ ಹೆಸರು ಮುಖ್ಯ. ಒಂದು ಐಬಸ್. ಇನ್ನೊಂದು ಫೈಟಿಕ್ಸ್ 5. ಹುಡುಕುವಾಗ ಅದನ್ನು ಎಫ್, ಸಿ, ಐ, ಟಿ, ಎಕ್ಸ್ ಅಂತ ಬರೆಯಬೇಕು. ಹಳೆಯ ಲೇಖನಗಳಲ್ಲಿ ಸ್ಕಿಮ್, ಯುಐಎಂ ಎಂಬ ಹೆಸರುಗಳೂ ಬರುತ್ತವೆ. ಹೊಸದಾಗಿ ಶುರು ಮಾಡುವವರು ಅವುಗಳ ಹಿಂದೆ ಬೀಳಬೇಕಿಲ್ಲ.

ನನ್ನ ಸಲಹೆ ನೇರವಾಗಿದೆ. ನಿಮ್ಮ ಡೆಸ್ಕ್‌ಟಾಪ್ ಗ್ನೋಮ್ ಆಗಿದ್ದರೆ ಐಬಸ್. ಕೆಡಿಇ ಪ್ಲಾಸ್ಮಾ ಆಗಿದ್ದರೆ ಫೈಟಿಕ್ಸ್ 5. ಎಕ್ಸ್‌ಎಫ್‌ಸಿಇ, ಮಾಟೆ ತರಹದ್ದಾದರೆ ಯಾವುದಾದರೂ ಸರಿ. ಗ್ನೋಮ್‌ಗೂ ಐಬಸ್‌ಗೂ ಒಳಗೇ ಕೊಂಡಿ ಇದೆ. ಅಲ್ಲಿ ಫೈಟಿಕ್ಸ್ ಹಾಕಿದರೆ ಪದಗಳ ಪಟ್ಟಿ ಸರಿಯಾಗಿ ಕಾಣಲು ಕಿಮ್‌ಪ್ಯಾನೆಲ್ ಅನ್ನುವ ಎಕ್ಸ್‌ಟೆನ್ಷನ್ ಬೇರೆ ಹಾಕಬೇಕಾಗುತ್ತದೆ. ಮಾಡಬಾರದು ಅಂತಲ್ಲ, ಆದರೆ ಸುಮ್ನೆ ಯಾಕೆ ಆ ಕೆಲಸ?

ಇನ್ನೊಂದು ಮಾತು. ಎರಡನ್ನೂ ಒಟ್ಟಿಗೆ ಓಡಿಸಬೇಡಿ. ‘ಬ್ರೌಸರ್‌ನಲ್ಲಿ ಬರುತ್ತದೆ, ಆಫೀಸ್ ಸಾಫ್ಟ್‌ವೇರ್‌ನಲ್ಲಿ ಬರಲ್ಲ’ ಅನ್ನುವ ತರಹದ ದೂರುಗಳ ಹಿಂದೆ ಬಹಳ ಸಲ ಇರುವುದು ಇದೇ. ಮೊದಲು ಒಂದು ಹಾಕಿ, ಸರಿಹೋಗಲಿಲ್ಲ ಅಂತ ಇನ್ನೊಂದು ಹಾಕಿರುತ್ತಾರೆ. ಹಳೆಯದರ ಸೆಟ್ಟಿಂಗ್ ಹಾಗೇ ಉಳಿದಿರುತ್ತದೆ.

ಐಬಸ್ ಮೂಲಕ ಈಗಾಗಲೇ ಕನ್ನಡ ಟೈಪ್ ಮಾಡುತ್ತಿದ್ದರೆ ನಿಮಗೆ ಚೌಕಟ್ಟು ಸಿದ್ಧವಾಗಿಯೇ ಇದೆ. ಎಂಜಿನ್ ಸೇರಿಸಿದರೆ ಸಾಕು. ಕನ್ನಡದ ಜೋಡಣೆ ಅದೇ ಪಟ್ಟಿಯಲ್ಲಿ ಪಕ್ಕದಲ್ಲೇ ಇರುತ್ತದೆ.

ಎಂಜಿನ್ ಹಾಕುವುದು

ಪ್ಯಾಕೇಜುಗಳ ಹೆಸರಿಗೆ ಒಂದು ಕ್ರಮ ಇದೆ. ಮೊದಲು ಚೌಕಟ್ಟಿನ ಹೆಸರು, ನಡುವೆ ಅಡ್ಡಗೆರೆ, ಆಮೇಲೆ ಎಂಜಿನ್ ಹೆಸರು. ಐಬಸ್ ಬಳಸುವವರಿಗೆ ಚೀನೀ ಪಿನ್‌ಯಿನ್‌ಗೆ (ಚೀನೀ ಉಚ್ಚಾರಣೆಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಪದ್ಧತಿ) ಐಬಸ್-ಲಿಬ್‌ಪಿನ್‌ಯಿನ್, ಜಪಾನೀಗೆ ಐಬಸ್-ಮೋಜ್ಕ್, ಕೊರಿಯನ್‌ಗೆ ಐಬಸ್-ಹಂಗುಲ್ (ಹಂಗುಲ್ ಅಂದರೆ ಕೊರಿಯನ್ ಲಿಪಿ). ಫೈಟಿಕ್ಸ್ ಬಳಸುವವರು ಜಪಾನೀ ಮತ್ತು ಕೊರಿಯನ್‌ಗೆ ಮೊದಲಿರುವ ಚೌಕಟ್ಟಿನ ಹೆಸರು ಮಾತ್ರ ಬದಲಿಸಿಕೊಂಡರೆ ಆಯಿತು. ಅಲ್ಲಿ ಚೌಕಟ್ಟಿನ ಹೆಸರಿನ ಜೊತೆ 5 ಅನ್ನುವ ಅಂಕಿಯೂ ಇರುತ್ತದೆ. ಚೀನೀಗೆ ಮಾತ್ರ ಪ್ಯಾಕೇಜಿನ ಹೆಸರು ‘ಚೈನೀಸ್ ಆ್ಯಡಾನ್ಸ್’. ಇವನ್ನು ನಿಮ್ಮ ಡಿಸ್ಟ್ರೋದ ಪ್ಯಾಕೇಜ್ ಮ್ಯಾನೇಜರ್‌ನಲ್ಲೇ ಹುಡುಕಿ. ಚಿತ್ರಗಳಿರುವ ಸಾಫ್ಟ್‌ವೇರ್ ಸ್ಟೋರ್‌ಗಳಲ್ಲಿ ಇಂಥ ಪ್ಯಾಕೇಜುಗಳು ಕೆಲವೊಮ್ಮೆ ಕಾಣುವುದಿಲ್ಲ.

ಉಬುಂಟುವಿನಲ್ಲಿ ಇನ್ನೊಂದು ಸುಲಭ ದಾರಿ ಇದೆ. ಲ್ಯಾಂಗ್ವೇಜ್ ಸಪೋರ್ಟ್ ಅನ್ನುವ ಆ್ಯಪ್ ತೆರೆದು, ಬೇಕಾದ ಭಾಷೆಯನ್ನು ಸೇರಿಸಿದರೆ ಫಾಂಟ್ ಮತ್ತು ಎಂಜಿನ್ ಎರಡೂ ಜೊತೆಯಲ್ಲೇ ಬರುತ್ತವೆ. ಮೆನುಗಳ ಭಾಷೆ ಬದಲಾಗುವುದಿಲ್ಲ, ಹೆದರಬೇಡಿ. ಲಿನಕ್ಸ್ ಮಿಂಟ್‌ನಲ್ಲಿ ಇದೇ ಕೆಲಸಕ್ಕೆ ಇನ್‌ಪುಟ್ ಮೆಥಡ್ ಅಂತ ಒಂದು ಕಿಟಕಿ ಇದೆ. ಭಾಷೆ ಆರಿಸಿದರೆ ಯಾವ ಪ್ಯಾಕೇಜ್ ಬೇಕು ಅಂತ ಅದೇ ಹೇಳುತ್ತದೆ.

ಹಾಕಿದ ಮೇಲೆ ಲಾಗ್ ಔಟ್ ಆಗಿ ಮತ್ತೆ ಲಾಗ್ ಇನ್ ಆಗಿ. ಈ ಹೆಜ್ಜೆಯನ್ನು ಬಿಟ್ಟು, ಪಟ್ಟಿಯಲ್ಲಿ ಎಂಜಿನ್ ಕಾಣುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುವವರು ಬಹಳ.

ಗ್ನೋಮ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ಕೀಬೋರ್ಡ್ ಪುಟಕ್ಕೆ ಹೋಗಿ. ಇನ್‌ಪುಟ್ ಸೋರ್ಸಸ್ ಕೆಳಗೆ ಸೇರಿಸುವ ಗುಂಡಿ ಇದೆ. ಮೊದಲ ಪಟ್ಟಿಯಲ್ಲಿ ಕೆಲವೇ ಭಾಷೆಗಳು ಕಾಣುತ್ತವೆ. ಕೊನೆಯಲ್ಲಿರುವ ಮೂರು ಚುಕ್ಕೆ ಒತ್ತಿದರೆ ಉಳಿದವು ಬರುತ್ತವೆ. ಈಗ ಮೊದಲು ಹೇಳಿದ ಬಲೆ ಬರುತ್ತದೆ. ಬರೀ ‘ಜಪಾನೀಸ್’ ಅಂತ ಇರುವುದನ್ನು ಮುಟ್ಟಬೇಡಿ. ‘ಜಪಾನೀಸ್, ಮೋಜ್ಕ್’ ಅಂತ ಇರುವುದನ್ನು ಆರಿಸಿ. ಹಾಗೆಯೇ ‘ಕೊರಿಯನ್’ ಅಲ್ಲ, ‘ಕೊರಿಯನ್, ಹಂಗುಲ್’. ‘ಚೈನೀಸ್’ ಅಲ್ಲ, ‘ಚೈನೀಸ್, ಇಂಟೆಲಿಜೆಂಟ್ ಪಿನ್‌ಯಿನ್’. ಬದಲಾಯಿಸಲು ಸೂಪರ್ ಕೀಲಿ (ವಿಂಡೋಸ್ ಗುರುತಿನದು) ಹಿಡಿದು ಸ್ಪೇಸ್ ಒತ್ತಿ.

ಪ್ಲಾಸ್ಮಾದಲ್ಲಿ ಎರಡು ಕಡೆ ಕೈ ಹಾಕಬೇಕು. ಸಿಸ್ಟಂ ಸೆಟ್ಟಿಂಗ್ಸ್‌ನ ಕೀಬೋರ್ಡ್ ಭಾಗದಲ್ಲಿ ವರ್ಚುಯಲ್ ಕೀಬೋರ್ಡ್ ಅಂತ ಒಂದು ಪುಟ ಇದೆ. ಹೆಸರು ದಾರಿ ತಪ್ಪಿಸುತ್ತದೆ, ಆದರೆ ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ನಲ್ಲಿ ಫೈಟಿಕ್ಸ್ 5 ಅನ್ನು ಆರಿಸಬೇಕಾದ್ದು ಅಲ್ಲೇ. ಆಮೇಲೆ ಫೈಟಿಕ್ಸ್‌ನ ಸ್ವಂತ ಕಾನ್ಫಿಗರೇಷನ್ ಕಿಟಕಿಯಲ್ಲಿ ಎಂಜಿನ್ ಸೇರಿಸಿ. ಹುಡುಕಿದರೆ ಪಿನ್‌ಯಿನ್ ಸಿಗಲಿಲ್ಲವೇ? ‘ಈಗಿನ ಭಾಷೆಯವನ್ನು ಮಾತ್ರ ತೋರಿಸು’ ಅನ್ನುವ ಗುರುತನ್ನು ತೆಗೆಯಿರಿ. ಪಟ್ಟಿಯಲ್ಲಿ ಮೊದಲು ಮಾಮೂಲಿ ಇಂಗ್ಲಿಷ್ ಕೀಬೋರ್ಡ್ ಇರಲಿ, ಅದರ ಕೆಳಗೆ ಪಿನ್‌ಯಿನ್ ಅಥವಾ ಮೋಜ್ಕ್ ಇರಲಿ. ಕಂಟ್ರೋಲ್ ಜೊತೆ ಸ್ಪೇಸ್ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಕೋಡ್ ಬರೆಯುವವರಿಗೆ ಇದು ಕಿರಿಕಿರಿ, ಎಷ್ಟೋ ಎಡಿಟರ್‌ಗಳಲ್ಲಿ ಅದೇ ಕೀಲಿ ಸಲಹೆಗಳನ್ನು ತೆರೆಯುತ್ತದೆ. ಗ್ಲೋಬಲ್ ಆಪ್ಷನ್ಸ್‌ಗೆ ಹೋಗಿ ಬೇರೆ ಜೋಡಿ ಇಟ್ಟುಕೊಳ್ಳಿ.

ಚೀನೀ ಟೈಪಿಂಗ್

ಪಿನ್‌ಯಿನ್‌ನಲ್ಲಿ ಸ್ವರದ ಏರಿಳಿತ ಟೈಪ್ ಮಾಡಬೇಕಿಲ್ಲ. ‘ನಿಹಾವ್’ ಬರೆಯಲು ಎನ್, ಐ, ಎಚ್, ಎ, ಒ ಒತ್ತಿ ಸ್ಪೇಸ್ ಕೊಟ್ಟರೆ ಮೊದಲ ಆಯ್ಕೆ ಕೂರುತ್ತದೆ. ಬೇರೆ ಬೇಕಾದರೆ ಅಂಕಿ ಒತ್ತಿ. ಒಂದೊಂದೇ ಅಕ್ಷರ ಆರಿಸುವುದು ಹೊಸಬರ ಅಭ್ಯಾಸ. ಅದರಿಂದ ಬೇಗ ಸುಸ್ತಾಗುತ್ತದೆ. ಪೂರ್ತಿ ಪದವನ್ನೋ ಸಣ್ಣ ವಾಕ್ಯವನ್ನೋ ಒಂದೇ ಉಸಿರಿನಲ್ಲಿ ಟೈಪ್ ಮಾಡಿ. ಅಕ್ಕಪಕ್ಕದ ಪದಗಳನ್ನು ನೋಡಿ ಎಂಜಿನ್ ಊಹಿಸುವುದರಿಂದ ಉದ್ದ ಇದ್ದಷ್ಟೂ ಊಹೆ ಸರಿ ಬರುತ್ತದೆ. ಪರಿಚಿತ ಪದಗಳಿಗೆ ಮೊದಲಕ್ಷರ ಸಾಕು: ಎನ್ ಮತ್ತು ಎಚ್ ಎರಡೇ ಒತ್ತಿದರೂ ‘ನಿಹಾವ್’ ಬರುತ್ತದೆ.

ಎರಡು ಕೀಲಿ ನೆನಪಿರಲಿ. ತುಟಿ ಸುತ್ತಿ ಹೇಳುವ, ಯು ಮೇಲೆ ಎರಡು ಚುಕ್ಕೆ ಇರುವ ಸ್ವರಕ್ಕೆ ವಿ ಒತ್ತಬೇಕು. ಹೆಣ್ಣು ಎಂಬ ಪದಕ್ಕೆ ಎನ್ ಆಮೇಲೆ ವಿ. ಎರಡು ಉಚ್ಚಾರಾಂಶ ಬೇರೆ ಮಾಡಲು ಅಪಾಸ್ಟ್ರಫಿ. ಎಕ್ಸ್, ಐ, ಎ, ಎನ್ ಅಂತ ಸೀದಾ ಹೊಡೆದರೆ ‘ಷಿಯೆನ್’ ಎಂಬ ಒಂದೇ ಉಚ್ಚಾರಾಂಶ ಆಗುತ್ತದೆ. ಐ ಆದ ಮೇಲೆ ಅಪಾಸ್ಟ್ರಫಿ ಹಾಕಿದರೆ ಷಿಆನ್ ನಗರ ಬರುತ್ತದೆ.

ನಾಲಿಗೆ ಮಡಚಿ ಹೇಳುವ ಧ್ವನಿಗೂ ಹಾಗೇ ಹೇಳುವ ಧ್ವನಿಗೂ ವ್ಯತ್ಯಾಸ ಗೊತ್ತಾಗುತ್ತಿಲ್ಲವೇ? ಎಂಜಿನ್ ಸೆಟ್ಟಿಂಗ್‌ನಲ್ಲಿ ಫಜಿ ಪಿನ್‌ಯಿನ್ ಇದೆ. ಜೆಡ್ ಮತ್ತು ಜೆಡ್‌ಎಚ್, ಎಸ್ ಮತ್ತು ಎಸ್‌ಎಚ್, ಎನ್ ಮತ್ತು ಎಲ್ ಇಂಥ ಜೋಡಿಗಳನ್ನು ಒಂದೇ ಅಂತ ನೋಡಲು ಹೇಳಬಹುದು. ಚೀನಾದಲ್ಲೇ ಎಷ್ಟೋ ಪ್ರದೇಶಗಳ ಜನ ಈ ಧ್ವನಿಗಳನ್ನು ಬೆರೆಸಿ ಹೇಳುತ್ತಾರೆ, ಅವರಿಗಾಗಿಯೇ ಇದು. ಕಲಿಯುವವರು ಮಾತ್ರ ಇದನ್ನು ಆನ್ ಮಾಡದೆ ಇರುವುದೇ ಒಳ್ಳೆಯದು. ತಪ್ಪು ಟೈಪ್ ಮಾಡಿದಾಗ ಪದ ಸಿಗದೆ ಹೋದರೆ ತಾನೇ ಉಚ್ಚಾರಣೆ ತಿದ್ದಿಕೊಳ್ಳುವುದು?

ಸರಳೀಕೃತದಿಂದ ಸಾಂಪ್ರದಾಯಿಕಕ್ಕೆ ಹೋಗಲು ಕಂಟ್ರೋಲ್, ಶಿಫ್ಟ್, ಎಫ್. ಇದ್ದಕ್ಕಿದ್ದಂತೆ ಅಕ್ಷರಗಳು ಜಟಿಲವಾಗಿ ಬರಲು ಶುರುವಾದರೆ ನೀವು ಗೊತ್ತಿಲ್ಲದೆ ಇದನ್ನು ಒತ್ತಿದ್ದೀರಿ. ತೈವಾನಿನಲ್ಲಿ ಶಾಲೆಯಿಂದಲೇ ಕಲಿಸುವ, ಉಚ್ಚಾರಣೆಯನ್ನು ತನ್ನದೇ ಚಿಹ್ನೆಗಳಲ್ಲಿ ಬರೆಯುವ ಝೂಯಿನ್ ಪದ್ಧತಿ ಬೇಕಾದರೆ ಚ್ಯೂಯಿಂಗ್ ಎಂಜಿನ್ ಹಾಕಿ. ಅದರ 37 ಚಿಹ್ನೆಗಳು ಕೀಬೋರ್ಡಿನ ತುಂಬ ಹರಡಿಕೊಂಡಿರುತ್ತವೆ, ಅಂಕಿಗಳ ಸಾಲು ಕೂಡ ಬಿಟ್ಟಿಲ್ಲ.

ಜಪಾನೀ ಟೈಪಿಂಗ್

ಮೋಜ್ಕ್ ಅಂದರೆ ಗೂಗಲ್‌ನ ಜಪಾನೀ ಇನ್‌ಪುಟ್‌ನ ಮುಕ್ತ ರೂಪ, 2010ರಲ್ಲಿ ಹೊರಬಂತು. ಗೂಗಲ್ ವೆಬ್‌ನಿಂದ ಒಟ್ಟು ಮಾಡಿದ ದೊಡ್ಡ ಪದಕೋಶ ಇದರಲ್ಲಿಲ್ಲ. ಹಾಗಾಗಿ ಹೊಸ ಸಿನಿಮಾ ನಟರ ಹೆಸರು, ಟ್ರೆಂಡಿಂಗ್ ಪದಗಳು ಮೊದಲ ಸಲಕ್ಕೆ ಬರದಿರಬಹುದು. ದಿನಬಳಕೆಗೆ ಬೇಕಾದಷ್ಟಾಯಿತು.

ಮೊದಲ ಅಡ್ಡಿ ಇಲ್ಲೇ ಬರುತ್ತದೆ. ಮೋಜ್ಕ್‌ಗೆ ಬದಲಾಯಿಸಿದರೂ ಇಂಗ್ಲಿಷೇ ಬರುತ್ತಿದ್ದರೆ ಅದು ಡೈರೆಕ್ಟ್ ಇನ್‌ಪುಟ್ ಸ್ಥಿತಿಯಲ್ಲಿದೆ. ಜಪಾನಿನ ಕೀಬೋರ್ಡಿನಲ್ಲಿ ಇದನ್ನು ಬದಲಿಸಲು ಬೇರೆ ಕೀಲಿಯೇ ಇದೆ. ನಮ್ಮಲ್ಲಿ ಬಹುಪಾಲು ಜನರ ಬಳಿ ಅದು ಇಲ್ಲ, ಅಲ್ವಾ? ಸದ್ಯಕ್ಕೆ ಪರದೆಯ ಮೇಲ್ಭಾಗದ ಪಟ್ಟಿಯ ಐಕಾನ್ ಒತ್ತಿ ಹಿರಗಾನ (ಜಪಾನಿನ ಉಚ್ಚಾರಾಂಶ ಲಿಪಿ) ಆರಿಸಿ. ಶಾಶ್ವತ ಪರಿಹಾರಕ್ಕೆ ಮೋಜ್ಕ್ ಸೆಟ್ಟಿಂಗ್‌ನ ಕೀಮ್ಯಾಪ್‌ಗೆ ಹೋಗಿ. ಡೈರೆಕ್ಟ್ ಇನ್‌ಪುಟ್ ಸ್ಥಿತಿಗೆ ‘ಆ್ಯಕ್ಟಿವೇಟ್’, ಇನ್ನೂ ಏನೂ ಟೈಪ್ ಮಾಡದ ಸ್ಥಿತಿಗೆ ‘ಡಿಆ್ಯಕ್ಟಿವೇಟ್’ ಆದೇಶವನ್ನು ನಿಮಗೆ ಇಷ್ಟವಾದ ಒಂದೇ ಕೀಲಿಜೋಡಿಗೆ ಕಟ್ಟಿ.

ಆಮೇಲಿನ ಕೆಲಸ ಖುಷಿ ಕೊಡುತ್ತದೆ. ರೋಮನ್ ಅಕ್ಷರಗಳಲ್ಲಿ ಟೈಪ್ ಮಾಡಿದಂತೆ ಹಿರಗಾನ ಮೂಡುತ್ತದೆ. ಸ್ಪೇಸ್ ಒತ್ತಿದರೆ ಕಾಂಜಿ. ಎಂಟರ್ ಒತ್ತಿದರೆ ಗಟ್ಟಿ. ಎಂಜಿನ್ ವಾಕ್ಯವನ್ನು ತಪ್ಪು ಜಾಗದಲ್ಲಿ ಕತ್ತರಿಸಿದ್ದರೆ ಶಿಫ್ಟ್ ಹಿಡಿದು ಎಡ ಬಲ ಬಾಣ ಒತ್ತಿ ತುಂಡಿನ ಅಳತೆ ಬದಲಿಸಬಹುದು. ಇದೊಂದು ಗೊತ್ತಿಲ್ಲದೆ ಅಳಿಸಿ ಅಳಿಸಿ ಬರೆಯುವವರು ಎಷ್ಟೋ ಮಂದಿ. ಎಫ್ 6 ಒತ್ತಿದರೆ ಹಿರಗಾನ, ಎಫ್ 7 ಒತ್ತಿದರೆ ಕಟಕಾನ (ವಿದೇಶಿ ಪದಗಳಿಗೆ ಬಳಸುವ ಲಿಪಿ), ಎಫ್ 10 ಒತ್ತಿದರೆ ಮಾಮೂಲಿ ಇಂಗ್ಲಿಷ್. ಜಪಾನೀ ನಡುವೆ ಒಂದು ಇಂಗ್ಲಿಷ್ ಪದ ಬೇಕಾದಾಗ ಈ ಕೊನೆಯದು ಬಹಳ ಉಪಯೋಗ.

ಎನ್ ಅಕ್ಷರ ಮಾತ್ರ ತರಲೆ. ಕೆ, ಐ, ಎನ್, ಇ, ಎನ್ ಹೊಡೆದರೆ ‘ಕಿನೆನ್’ ಆಗುತ್ತದೆ, ಅಂದರೆ ಸ್ಮರಣಾರ್ಥ. ನಡುವಿನ ಎನ್ ಎರಡು ಸಲ ಹೊಡೆದರೆ ‘ಕಿನ್-ಎನ್’, ಅಂದರೆ ಧೂಮಪಾನ ನಿಷೇಧ. ‘ಕೊನ್ನಿಚಿವಾ’ ಬರೆಯಲು ಎನ್ ಮೂರು ಸಲ ಬೇಕು: ಮೊದಲೆರಡು ಅನುನಾಸಿಕಕ್ಕೆ, ಮೂರನೆಯದು ‘ನಿ’ಗೆ. ಅದೇ ಪದದ ಕೊನೆಯಲ್ಲಿ ಕೇಳುವುದು ವಾ ಆದರೂ ಒತ್ತಬೇಕಾದ್ದು ಎಚ್, ಎ. ಅಂದರೆ ಕಿವಿಗೆ ಕೇಳಿದ್ದನ್ನಲ್ಲ, ಹಿರಗಾನದಲ್ಲಿ ಹೇಗೆ ಬರೆಯುತ್ತಾರೋ ಅದನ್ನು ಟೈಪ್ ಮಾಡಬೇಕು. ಒತ್ತಕ್ಷರದ ಹಾಗೆ ತಡೆದು ಹೇಳುವ ಕಡೆ ವ್ಯಂಜನವನ್ನು ಎರಡು ಸಲ ಹೊಡೆದರೆ ಸಣ್ಣ ‘ತ್ಸು’ ತಾನಾಗಿ ಬರುತ್ತದೆ.

ಕೊರಿಯನ್ ಟೈಪಿಂಗ್

ಇಲ್ಲಿ ಆರಿಸುವ ಪಟ್ಟಿ ಇಲ್ಲ. ಸ್ವರ ವ್ಯಂಜನಗಳನ್ನು ಒಂದೊಂದಾಗಿ ಒತ್ತಿದರೆ ಅವು ತಾವೇ ಚೌಕದೊಳಗೆ ಕೂರುತ್ತವೆ. ಯುನಿಕೋಡ್‌ನಲ್ಲಿರುವ ಹೀಗೆ ಕೂಡಿದ 11,172 ಅಕ್ಷರಗಳನ್ನೂ ಬೆರಳೆಣಿಕೆಯ ಕೀಲಿಗಳಿಂದಲೇ ಕಟ್ಟಬಹುದು. ಸಾಮಾನ್ಯ ಜೋಡಣೆ ದುಬೊಲ್ಸಿಕ್. ಎಡಗೈಗೆ ವ್ಯಂಜನ, ಬಲಗೈಗೆ ಸ್ವರ. ಇಂಗ್ಲಿಷ್ ಉಚ್ಚಾರಣೆಗೂ ಕೀಲಿಗೂ ಸಂಬಂಧ ಇಲ್ಲ. ‘ಹಂಗುಲ್’ ಬರೆಯಲು ಒತ್ತಬೇಕಾದ್ದು ಜಿ, ಕೆ, ಎಸ್, ಆರ್, ಎಂ, ಎಫ್. ಮೊದಮೊದಲು ಇದು ವಿಚಿತ್ರ ಅನ್ನಿಸುತ್ತದೆ, ಆದರೆ ಬೆರಳಿಗೆ ಬೇಗ ಹತ್ತುತ್ತದೆ. ರೋಮನ್ ಉಚ್ಚಾರಣೆಯಲ್ಲೇ ಬರೆಯುವ ಜೋಡಣೆಯೂ ಎಂಜಿನ್‌ನಲ್ಲಿದೆ. ನಾಲ್ಕು ಸಾಲು ಬರೆದು ಬಿಡುವವರಿಗೆ ಅದು ಸರಿ. ಭಾಷೆ ಕಲಿಯುವವರು ದುಬೊಲ್ಸಿಕ್ಕನ್ನೇ ಹಿಡಿಯಿರಿ.

ನೋಡಲು ಮಜಾ ಇರುವ ಒಂದು ಸಂಗತಿ: ಆರ್, ಕೆ, ಎಸ್ ಒತ್ತಿದಾಗ ‘ಗಾನ್’ ಒಂದೇ ಚೌಕದಲ್ಲಿ ಕೂರುತ್ತದೆ. ಮತ್ತೆ ಕೆ ಒತ್ತಿದರೆ ಕೆಳಗಿದ್ದ ‘ನ್’ ಕಳಚಿಕೊಂಡು ಮುಂದಿನ ಚೌಕಕ್ಕೆ ಹಾರಿ ‘ಗಾನಾ’ ಆಗುತ್ತದೆ. ಅಂದರೆ ಮುಂದಿನ ಕೀಲಿ ಒತ್ತುವವರೆಗೂ ಕೊನೆಯ ಅಕ್ಷರ ಹಸಿಯಾಗಿಯೇ ಇರುತ್ತದೆ. ಕೆಲವು ಆ್ಯಪ್‌ಗಳಲ್ಲಿ ಹಾಗಿರುವಾಗಲೇ ಮೌಸ್ ಕ್ಲಿಕ್ ಮಾಡಿದರೆ ಆ ಅಕ್ಷರ ಮಾಯವಾಗುವುದೋ ಎರಡಾಗುವುದೋ ಆಗಬಹುದು. ಕ್ಲಿಕ್ ಮಾಡುವ ಮೊದಲು ಒಂದು ಸ್ಪೇಸ್ ಅಥವಾ ಬಲ ಬಾಣ ಒತ್ತಿದರೆ ಸಾಕು. ಐಬಸ್-ಹಂಗುಲ್‌ನಲ್ಲಿ ಇಂಗ್ಲಿಷ್‌ಗೆ ಹೋಗಿ ಬರಲು ಶಿಫ್ಟ್ ಜೊತೆ ಸ್ಪೇಸ್, ಚೀನೀ ಮೂಲದ ಹಂಜಾ ಅಕ್ಷರ ಬೇಕಾದರೆ ಎಫ್ 9.

ಕೆಲಸ ಮಾಡದಿದ್ದರೆ

ಮೊದಲು ಡೆಸ್ಕ್‌ಟಾಪ್‌ನ ಜೊತೆಗೇ ಬರುವ ಸರಳ ಟೆಕ್ಸ್ಟ್ ಎಡಿಟರ್‌ನಲ್ಲಿ ಪರೀಕ್ಷಿಸಿ. ಅಲ್ಲೂ ಬರದಿದ್ದರೆ ಚೌಕಟ್ಟು ಓಡುತ್ತಿಲ್ಲ ಅಥವಾ ಎಂಜಿನ್ ಸೇರಿಲ್ಲ. ಅಲ್ಲಿ ಬಂದು ಬೇರೆ ಆ್ಯಪ್‌ನಲ್ಲಿ ಬರದಿದ್ದರೆ ಆ ಆ್ಯಪ್‌ಗೂ ಚೌಕಟ್ಟಿಗೂ ನಡುವಿನ ಕೊಂಡಿ ಕಡಿದಿದೆ.

ವೇಲ್ಯಾಂಡ್‌ಗಿಂತ ಹಳೆಯದಾದ ಎಕ್ಸ್ 11 ಸೆಷನ್‌ನಲ್ಲಿ ಈ ಕೊಂಡಿಯನ್ನು ಮೂರು ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗಳು (ಆ್ಯಪ್‌ಗಳು ಶುರುವಾಗುವಾಗ ಓದುವ ಸೆಟ್ಟಿಂಗ್‌ಗಳು) ಹೇಳುತ್ತವೆ. ಆ್ಯಪ್‌ಗಳ ಕಿಟಕಿ, ಗುಂಡಿಗಳನ್ನು ಕಟ್ಟುವ ಸಲಕರಣೆಗಳು ಜಿಟಿಕೆ ಮತ್ತು ಕ್ಯುಟಿ. ಜಿಟಿಕೆ ಆ್ಯಪ್‌ಗಳಿಗೆ ಒಂದು ಐಎಂ ಮಾಡ್ಯೂಲ್, ಕ್ಯುಟಿ ಆ್ಯಪ್‌ಗಳಿಗೆ ಒಂದು, ಉಳಿದ ಹಳೆಯ ಆ್ಯಪ್‌ಗಳಿಗೆ ಎಕ್ಸ್ ಮಾಡಿಫೈಯರ್ಸ್. ಮೂರರಲ್ಲೂ ಒಂದೇ ಚೌಕಟ್ಟಿನ ಹೆಸರು ಇರಬೇಕು. ಫೈಟಿಕ್ಸ್ 5 ಬಳಸಿದರೂ ಅಲ್ಲಿ ಬರೆಯುವ ಹೆಸರಿಗೆ 5 ಬೇಕಿಲ್ಲ. ಡೆಬಿಯನ್ ಕುಟುಂಬದಲ್ಲಿ ಐಎಂ-ಕಾನ್ಫಿಗ್ ಅನ್ನುವ ಸಾಧನ ಇದನ್ನು ತಾನೇ ಬರೆಯುತ್ತದೆ, ಕೈಯಿಂದ ಬರೆಯುವ ಮೊದಲು ಅದನ್ನು ಓಡಿಸಿ.

ವೇಲ್ಯಾಂಡ್‌ನಲ್ಲಿ ಕತೆ ತಲೆಕೆಳಗು. ಅಲ್ಲಿ ಡೆಸ್ಕ್‌ಟಾಪೇ ಚೌಕಟ್ಟಿನ ಜೊತೆ ಮಾತಾಡುತ್ತದೆ. ಪ್ಲಾಸ್ಮಾದ ವೇಲ್ಯಾಂಡ್ ಸೆಷನ್‌ನಲ್ಲಿ ಜಿಟಿಕೆ ಮತ್ತು ಕ್ಯುಟಿ ವೇರಿಯೇಬಲ್‌ಗಳನ್ನು ಎಲ್ಲ ಕಡೆಗೂ ಅನ್ವಯಿಸುವಂತೆ ಇಡದಿರುವುದೇ ಸರಿ. ಎಕ್ಸ್ ಮಾಡಿಫೈಯರ್ಸ್ ಒಂದನ್ನು ಮಾತ್ರ ಉಳಿಸಿಕೊಳ್ಳಿ, ಎಕ್ಸ್‌ವೇಲ್ಯಾಂಡ್ ಮೂಲಕ ಓಡುವ ಹಳೆಯ ಆ್ಯಪ್‌ಗಳಿಗೆ ಅದು ಬೇಕು. ಹಳೆಯ ಲೇಖನ ನೋಡಿ ಮೂರನ್ನೂ ಬರೆದಿಟ್ಟಿದ್ದರೆ ಹೋಂ ಫೋಲ್ಡರಿನ ಪ್ರೊಫೈಲ್ ಫೈಲುಗಳು, ಇಟಿಸಿ ಒಳಗಿನ ಎನ್ವಿರಾನ್‌ಮೆಂಟ್ ಫೈಲ್ ಎರಡನ್ನೂ ತೆರೆದು ನೋಡಿ.

ಪದಗಳ ಪಟ್ಟಿ ಕರ್ಸರ್ ಪಕ್ಕ ಬರದೆ ಪರದೆಯ ಮೂಲೆಯಲ್ಲಿ ಕಂಡರೆ ಆ ಆ್ಯಪ್ ತನ್ನ ಕರ್ಸರ್ ಎಲ್ಲಿದೆ ಅಂತ ಹೇಳುತ್ತಿಲ್ಲ. ಕ್ರೋಮಿಯಂ ಕುಟುಂಬದ ಬ್ರೌಸರ್ ಮತ್ತು ಎಲೆಕ್ಟ್ರಾನ್ ಆ್ಯಪ್‌ಗಳು ವೇಲ್ಯಾಂಡ್‌ನಲ್ಲಿ ನೇರವಾಗಿ ಓಡುತ್ತಿದ್ದೂ ಟೈಪಿಂಗ್ ಬರದಿದ್ದರೆ ಅವನ್ನು ‘ಎನೇಬಲ್ ವೇಲ್ಯಾಂಡ್ ಐಎಂಇ’ ಆಯ್ಕೆಯೊಂದಿಗೆ ಶುರು ಮಾಡಿ ನೋಡಿ. ಪದಗಳ ನಡುವೆ ಒಂದೊಂದು ಅಡ್ಡಗೆರೆ, ಎಲ್ಲಕ್ಕೂ ಮುಂದೆ ಎರಡು. ಒಂದೇ ಕ್ಯುಟಿ ಆ್ಯಪ್ ಹಠ ಮಾಡುತ್ತಿದ್ದರೆ ಒಂದು ಉಪಾಯ ಇದೆ. ತನ್ನದೇ ಕ್ಯುಟಿ ಹೊತ್ತು ತರುವ ಆ್ಯಪ್‌ಗಳಲ್ಲಿ ಫೈಟಿಕ್ಸ್ ಕೊಂಡಿ ಇರುವುದಿಲ್ಲ, ಐಬಸ್ ಕೊಂಡಿ ಸಾಮಾನ್ಯವಾಗಿ ಇರುತ್ತದೆ. ಫೈಟಿಕ್ಸ್ 5ಗೆ ಐಬಸ್ ಭಾಷೆಯೂ ಬರುತ್ತದೆ. ಹಾಗಾಗಿ ಆ ಒಂದು ಆ್ಯಪ್‌ಗೆ ಮಾತ್ರ ಕ್ಯುಟಿ ಮಾಡ್ಯೂಲ್ ಐಬಸ್ ಅಂತ ಕೊಟ್ಟು ಓಡಿಸಿ. ಯಾವುದೂ ಹೊಳೆಯದಿದ್ದರೆ ಟರ್ಮಿನಲ್‌ನಲ್ಲಿ ಫೈಟಿಕ್ಸ್‌ನ ‘ಡಯಾಗ್ನೋಸ್’ ಸಾಧನ ಓಡಿಸಿ. ಉದ್ದದ ವರದಿ ಕೊಡುತ್ತದೆ, ಕೆಂಪು ಸಾಲುಗಳನ್ನು ಮಾತ್ರ ಓದಿದರೆ ಸಾಕು.

ಎಲ್ಲ ಸರಿಯಾದ ಮೇಲೆ ಎಂಜಿನ್ ಸೆಟ್ಟಿಂಗ್‌ನಲ್ಲಿ ಇನ್ನೊಂದು ಸಲ ಕಣ್ಣಾಡಿಸಿ. ಚೀನೀ ಎಂಜಿನ್‌ಗಳಲ್ಲಿ ಕ್ಲೌಡ್ ಪಿನ್‌ಯಿನ್ ಎಂಬ ಆಯ್ಕೆ ಇರುತ್ತದೆ. ಆನ್ ಮಾಡಿದರೆ ನೀವು ಟೈಪ್ ಮಾಡುವುದು ಸಲಹೆಗಾಗಿ ಹೊರಗಿನ ಸರ್ವರ್‌ಗೆ ಹೋಗುತ್ತದೆ. ಖಾಸಗಿ ಬರವಣಿಗೆ ಮಾಡುವವರು ಆಫ್ ಇಟ್ಟುಕೊಳ್ಳಿ.

ಮುಂದೆ ಕ್ಯಾಂಟನೀಸ್ ಬೇಕು, ಪದಕೋಶವನ್ನು ತಾನೇ ಕಟ್ಟಬೇಕು ಅನ್ನಿಸಿದರೆ ರೈಮ್ ಎಂಜಿನ್ ನೋಡಿ. ಎರಡೂ ಚೌಕಟ್ಟುಗಳಲ್ಲಿ ಸಿಗುತ್ತದೆ, ಎಲ್ಲವನ್ನೂ ಯಾಮಲ್ ಫೈಲುಗಳಲ್ಲಿ ಬರೆದು ತಿದ್ದಬಹುದು. ಪ್ರತಿ ತಿದ್ದುಪಡಿಯ ನಂತರ ಮೆನುವಿನಲ್ಲಿ ‘ಡಿಪ್ಲಾಯ್’ ಒತ್ತಬೇಕು, ಇಲ್ಲದಿದ್ದರೆ ಏನೂ ಬದಲಾಗುವುದಿಲ್ಲ. ಹಾಕಿದ ತಕ್ಷಣ ಸಾಂಪ್ರದಾಯಿಕ ಅಕ್ಷರಗಳೇ ಬರುತ್ತವೆ. ಎಫ್ 4 ಒತ್ತಿದಾಗ ತೆರೆಯುವ ಪಟ್ಟಿಯಲ್ಲಿ ಸರಳೀಕೃತ ಆರಿಸಿಕೊಳ್ಳಿ.